ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ?

‘ಇನ್ನು ಮನೆಗೆ ಕರೆದುಕೊಂಡು ಹೋಗಿ. ಅವರು ಇಷ್ಟಪಟ್ಟಿದ್ದನ್ನು ಮಾಡಿ ಬಡಿಸಿ.’

ಕ್ಯಾನ್ಸರ್ ಕೈಮೀರಿದ ರೋಗಿಯ ಮನೆಯವರಿಗೆ ದೊಡ್ಡಾಸ್ಪತ್ರೆಯಲ್ಲಿ ಸಿಗುವ ಕೊನೆಯ ಸಲಹೆ ಬಹುಮಟ್ಟಿಗೆ ಇದೇ. ಒಂದು ಕೈಯಲ್ಲಿ ಸ್ಕ್ಯಾನಿಂಗ್ ವರದಿಗಳ ಚೀಲ, ಇನ್ನೊಂದು ಕೈಯಲ್ಲಿ ತಾಯಿಯ ತೋಳು ಹಿಡಿದುಕೊಂಡು ಮಗ ಹೊರಗೆ ಬರುತ್ತಾನೆ. ಬಾಡಿಗೆ ಕಾರು ಊರು ಮುಟ್ಟುವ ಮೊದಲೇ ನೋವು ಮರುಕಳಿಸಿರುತ್ತದೆ. ಮಾತ್ರೆ ನುಂಗಿಸಿದರೆ ಒಂದೆರಡು ಗಂಟೆ ಸುಮ್ಮನೆ ಮಲಗುತ್ತಾರೆ. ಆಮೇಲೆ ಮತ್ತೆ ಅದೇ ನರಳಾಟ. ‘ಕಾಯಿಲೆ ವಾಸಿಯಾಗದಿದ್ದರೆ ಹೋಗಲಿ, ನೋವಾದರೂ ನಿಲ್ಲಬಾರದೆ?’ ಎಂದು ಮನೆಯ ಹಿರಿಯರು ದೇವರ ಮುಂದೆ ಕೈ ಮುಗಿಯುತ್ತಾರೆ.

ಇಂತಹ ಹೊತ್ತಿನಲ್ಲಿ ಬಂಧುಗಳಲ್ಲಿ ಯಾರಾದರೊಬ್ಬರು ‘ಹಾಸ್ಪೀಸ್’ ಎಂಬ ಹೆಸರೆತ್ತುತ್ತಾರೆ. ‘ಅಯ್ಯೋ, ಅದು ಸಾಯೋಕೆ ಬಿಟ್ಟು ಬರೋ ಜಾಗವಂತೆ, ಹೆತ್ತ ತಾಯೀನ ಅಲ್ಲಿಗೆ ಕಳಿಸ್ತೀರಾ?’ ಎಂದು ಇನ್ನೊಬ್ಬರು ಗದರಿಸುತ್ತಾರೆ. ಕೊನೆಗೆ ಮನಸ್ಸು ಮಾಡಿದವರಿಗೂ ಒಂದು ಪ್ರಶ್ನೆ ಕಾಡುತ್ತದೆ: ಅದು ಒಳ್ಳೆಯ ಜಾಗವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಪ್ರಶ್ನೆ ಸುಲಭದ್ದಲ್ಲ. ಮಗುವನ್ನು ಶಾಲೆಗೆ ಸೇರಿಸುವವರು ಹತ್ತನೇ ತರಗತಿಯ ಫಲಿತಾಂಶ ವಿಚಾರಿಸುತ್ತಾರೆ. ಆಸ್ಪತ್ರೆ ಹುಡುಕುವವರು ಅಲ್ಲಿ ಎಷ್ಟು ಜನ ಗುಣಮುಖರಾದರೆಂದು ಕೇಳುತ್ತಾರೆ. ಹಾಸ್ಪೀಸಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅತ್ಯುತ್ತಮ ಹಾಸ್ಪೀಸಿನ ರೋಗಿಗಳೂ ಸಾಯುತ್ತಾರೆ, ಅತ್ಯಂತ ಕೆಟ್ಟ ಹಾಸ್ಪೀಸಿನ ರೋಗಿಗಳೂ ಸಾಯುತ್ತಾರೆ. ಸಾಲದ್ದಕ್ಕೆ ಆಯ್ಕೆಗೆ ಸಿಗುವುದು ಕೆಲವೇ ದಿನ. ತಪ್ಪಿದರೆ ತಿದ್ದಿಕೊಳ್ಳಲು ಎರಡನೇ ಅವಕಾಶವಿಲ್ಲ. ಹಾಗಾಗಿ ಇಲ್ಲಿ ಬೇರೆಯದೇ ಅಳತೆಗೋಲು ಬೇಕಾಗುತ್ತದೆ.

ಅರವಟಿಗೆಯಂಥ ಆಸರೆ

‘ಹಾಸ್ಪೀಸ್’ ಎಂಬುದು ಅತಿಥಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಮಧ್ಯಯುಗದ ಯೂರೋಪಿನಲ್ಲಿ ದಣಿದ ಯಾತ್ರಿಕರು ತಂಗುತ್ತಿದ್ದ ಮನೆಗಳಿಗೆ ಈ ಹೆಸರಿತ್ತು. ನಮ್ಮ ದಾರಿಬದಿಯ ಛತ್ರ, ಅರವಟಿಗೆಗಳಿದ್ದಂತೆ. ಅದಕ್ಕೆ ಇಂದಿನ ಅರ್ಥ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದ ಆಕೆ, ಸಾಯುವವರ ನೋವಿಗೆ ವೈದ್ಯರು ಕಿವಿಗೊಡುತ್ತಿಲ್ಲವೆಂದು ಮನಗಂಡು ತಾವೇ ವೈದ್ಯಶಾಸ್ತ್ರ ಓದಿದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು. ನೋವು ಕೇವಲ ದೇಹದ್ದಲ್ಲ. ಮನಸ್ಸಿನ ದಿಗಿಲು, ಸಂಸಾರದ ಚಿಂತೆ, ‘ನನಗೇ ಯಾಕೆ ಹೀಗಾಯಿತು’ ಎಂಬ ಒಳಗುದಿ ಎಲ್ಲ ಸೇರಿದ ‘ಸಮಗ್ರ ನೋವು’ ಎಂಬುದು ಅವರ ಸಿದ್ಧಾಂತ. 2005ರಲ್ಲಿ ಅವರು ಕೊನೆಯುಸಿರೆಳೆದದ್ದೂ ತಾವೇ ಕಟ್ಟಿದ ಅದೇ ಹಾಸ್ಪೀಸಿನಲ್ಲಿ. ಸಂಸ್ಥೆಯೊಂದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಭಾರತದ ಮೊದಲ ಹಾಸ್ಪೀಸ್ ‘ಶಾಂತಿ ಅವೇದನಾ ಸದನ’ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯರು ನೋವು ಮತ್ತು ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ಊರೂರಿನ ಸ್ವಯಂಸೇವಕರು ರೋಗಿಗಳ ಮನೆಬಾಗಿಲಿಗೇ ಹೋಗುವ ಪದ್ಧತಿ ಅಲ್ಲಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೀಸ್ ಟ್ರಸ್ಟ್, ಮಾರತ್ತಹಳ್ಳಿಯ ಬಳಿ ‘ಕರುಣಾಶ್ರಯ’ವನ್ನು ನಡೆಸುತ್ತಿದೆ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ.

ಆದರೂ ಅಗತ್ಯದ ಮುಂದೆ ಇವೆಲ್ಲ ಬೊಗಸೆ ನೀರು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಉಪಶಾಮಕ ಆರೈಕೆ ಬೇಕೆಂದೂ ಅದು ಸಿಗುತ್ತಿರುವುದು ಶೇಕಡಾ 14ರಷ್ಟು ಮಂದಿಗೆ ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೇಡಿಕೆ ಇಷ್ಟಿರುವ ಕಡೆ ಹೆಸರಿನ ಫಲಕ ಮಾತ್ರ ತಗುಲಿಸಿಕೊಂಡವರೂ ಹುಟ್ಟಿಕೊಳ್ಳುವುದು ಸಹಜ. ಆದ್ದರಿಂದಲೇ ಪರೀಕ್ಷೆ ಮಾಡಿ ನೋಡುವ ಕಣ್ಣು ಬೇಕು.

ಕಟ್ಟಡ, ಕೆಲಸ, ಫಲ

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಬೇರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವೇದಿಸ್ ಡೊನಬೇಡಿಯನ್ ಎಂಬ ವೈದ್ಯರು. 1966ರಲ್ಲಿ ಅವರು ಹೇಳಿದ್ದು ಸರಳವಾದ ಮಾತು. ಯಾವುದೇ ಸೇವೆಯನ್ನು ಮೂರು ಕಡೆ ಅಳೆಯಬಹುದು: ಏನೇನು ಸಲಕರಣೆ, ಎಷ್ಟು ಜನ ಇದ್ದಾರೆ ಎಂಬ ವ್ಯವಸ್ಥೆ, ಅವರು ನಿಜವಾಗಿ ಏನು ಮಾಡುತ್ತಾರೆ ಎಂಬ ಕಾರ್ಯವಿಧಾನ, ಅದರಿಂದ ರೋಗಿಗೆ ಏನಾಯಿತು ಎಂಬ ಫಲ.

ಸಾಮಾನ್ಯವಾಗಿ ಜನ ಮೊದಲನೆಯದನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ. ಹೊಳೆಯುವ ನೆಲ, ಹೂದೋಟ, ದೇವರ ಪಟ, ನಗುಮುಖದ ಸ್ವಾಗತಕಾರಿಣಿ. ಇವೆಲ್ಲ ಬೇಡವೆಂದಲ್ಲ. ಆದರೆ ಪ್ರಯೋಗಾಲಯದ ಗಾಜಿನ ಬೀರು ಚೆನ್ನಾಗಿದೆ ಎಂದ ಮಾತ್ರಕ್ಕೆ ಅಲ್ಲಿ ಪ್ರಯೋಗ ನಡೆಯುತ್ತದೆ ಎನ್ನಲಾಗುವುದೆ? ಬೀರುವಿನ ಒಳಗೇನಿದೆ, ಅದನ್ನು ಯಾರು ಯಾವಾಗ ತೆಗೆಯುತ್ತಾರೆ ಎಂಬುದು ಮುಖ್ಯ.

ಮೊದಲ ಪ್ರಶ್ನೆ: ಮಾರ್ಫೀನ್ ಇದೆಯೆ?

ಹಾಸ್ಪೀಸಿನ ಬೀರುವಿನಲ್ಲಿ ಮೊದಲು ಹುಡುಕಬೇಕಾದ ವಸ್ತು ಮಾರ್ಫೀನ್ ಮಾತ್ರೆ. ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ್ದೋ, ಅದೇ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಅಫೀಮು. ಅದರಿಂದ ನೋವು ನಿವಾರಕ ಸಾರವನ್ನು 19ನೇ ಶತಮಾನದ ಆರಂಭದಲ್ಲಿ ಬೇರ್ಪಡಿಸಿದವನು ಜರ್ಮನಿಯ ಔಷಧ ತಯಾರಕ ಸೆರ್ಟ್ಯೂರ್ನರ್. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರನ್ನೇ ಅದಕ್ಕೆ ಇಟ್ಟನು. ಇನ್ನೂರು ವರ್ಷ ಕಳೆದರೂ ಕ್ಯಾನ್ಸರಿನ ತೀವ್ರ ನೋವಿಗೆ ಇದೇ ಮುಖ್ಯ ಔಷಧ.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ಇಲ್ಲಿನ ರೋಗಿಗಳಿಗೆ ಮಾರ್ಫೀನ್ ಸಿಗುವುದು ದುರ್ಲಭವಾಯಿತು. ಮಾದಕ ವಸ್ತುಗಳ ದುರುಪಯೋಗ ತಡೆಯಲು 1985ರಲ್ಲಿ ಬಂದ ಕಾಯ್ದೆಯ ಪರವಾನಗಿಗಳ ಜಂಜಾಟ, ಶಿಕ್ಷೆಯ ಭಯಗಳಿಂದ ಅಂಗಡಿಗಳೂ ಆಸ್ಪತ್ರೆಗಳೂ ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಳ್ಳುವ ದಾರಿ ಸುಗಮವಾಯಿತು. ಅಂದಮೇಲೆ ಇಂದು ‘ಕಾನೂನಿನ ತೊಡಕು, ನಮ್ಮಲ್ಲಿ ಇಡುವುದಿಲ್ಲ’ ಎನ್ನುವ ಹಾಸ್ಪೀಸ್, ಸೀಮೆಸುಣ್ಣವಿಲ್ಲದ ಶಾಲೆಯಿದ್ದಂತೆ.

ಇದ್ದರೆ ಸಾಲದು, ಕೊಡುವ ಕ್ರಮವೂ ಗೊತ್ತಿರಬೇಕು. ಸಾಧಾರಣ ಮಾರ್ಫೀನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡಬೇಕು. ಸಾಧ್ಯವಾದಷ್ಟೂ ಬಾಯಿಯ ಮೂಲಕವೇ ಕೊಡಬೇಕು. ಮಾರ್ಫೀನ್ ಆರಂಭಿಸಿದ ದಿನವೇ ಮಲಬದ್ಧತೆಗೆ ಔಷಧ ಜತೆಗಿರಬೇಕು, ಏಕೆಂದರೆ ಈ ತೊಂದರೆ ಬಹುತೇಕ ಎಲ್ಲರಿಗೂ ಬರುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಪ್ರಮಾಣದ ಬಗ್ಗೆ ವಿಶೇಷ ಎಚ್ಚರ ಬೇಕು. ‘ಮಾರ್ಫೀನಿನ ಜತೆ ಇನ್ನೇನು ಕೊಡುತ್ತೀರಿ?’ ಎಂದು ಕೇಳಿದಾಗ ದಾದಿ ತಡವರಿಸದೆ ‘ಹೊಟ್ಟೆ ಹೋಗುವುದಕ್ಕೆ ಔಷಧ’ ಎಂದರೆ ಆಕೆಗೆ ಕೆಲಸ ಗೊತ್ತಿದೆ ಎಂದು ತಿಳಿಯಬಹುದು.

‘ಚಟ ಹತ್ತೀತು’, ‘ಉಸಿರು ನಿಂತೀತು’ ಎಂಬ ಹೆದರಿಕೆ ಮನೆಯವರಲ್ಲಿ ಇರುವುದು ಸಹಜ. ನೋವಿನ ಮಟ್ಟಕ್ಕೆ ತಕ್ಕಂತೆ, ಕಡಿಮೆ ಪ್ರಮಾಣದಿಂದ ಆರಂಭಿಸಿ ಏರಿಸುತ್ತ ಹೋದಾಗ ಈ ಅಪಾಯಗಳು ಅಪರೂಪ. ಇದನ್ನು ಬೇಸರಿಸದೆ ಬಿಡಿಸಿ ಹೇಳುವುದೂ ಒಳ್ಳೆಯ ಸಂಸ್ಥೆಯ ಲಕ್ಷಣ.

ನೋವಿಗೂ ಅಂಕ ಉಂಟು

ಜ್ವರವನ್ನು ಅಳೆಯಲು ಥರ್ಮಾಮೀಟರ್ ಇದೆ. ನೋವಿಗೆ? ನೋವು ಅನುಭವಿಸುವವರೇ ಅದರ ಮಾಪಕ. ‘ನೋವೇ ಇಲ್ಲದಿದ್ದರೆ ಸೊನ್ನೆ, ಊಹಿಸಬಹುದಾದ ಅತಿ ಕೆಟ್ಟ ನೋವಿಗೆ ಹತ್ತು. ಈಗ ನಿಮ್ಮದು ಎಷ್ಟು, ಅಮ್ಮ?’ ಎಂದು ಕೇಳಿ ಬರೆದುಕೊಳ್ಳುವುದು ಪದ್ಧತಿ. ಅಂಕ ಹೇಳಲು ಬಾರದವರಿಗೆ ‘ರೂಪಾಯಿಗೆ ಎಷ್ಟಾಣೆ ನೋವು?’ ಎಂದು ಕೇಳಿದರೂ ನಡೆಯುತ್ತದೆ. ಮಾತು ನಿಂತವರಲ್ಲಿ ಹುಬ್ಬು ಗಂಟಿಕ್ಕುವುದು, ಮಗ್ಗುಲು ತಿರುಗಿಸಿದಾಗ ಮುಲುಗುವುದು ಇವನ್ನೇ ಗಮನಿಸಬೇಕು. 1991ರಲ್ಲಿ ಕೆನಡಾದ ಎಡ್ಮಂಟನ್ ನಗರದ ವೈದ್ಯರು ನೋವು, ಓಕರಿಕೆ, ಕಳವಳ ಮೊದಲಾದ ತೊಂದರೆಗಳನ್ನು ಹೀಗೆ ಅಂಕದಲ್ಲಿ ಬರೆಯುವ ಒಂದು ಹಾಳೆಯನ್ನು ರೂಪಿಸಿದರು. ಅದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ನೋಡಲು ಹೋದವರು ‘ನೋವಿನ ದಾಖಲೆ ಹೇಗೆ ಇಡುತ್ತೀರಿ? ಖಾಲಿ ನಮೂನೆ ಇದ್ದರೆ ತೋರಿಸಿ’ ಎಂದು ಕೇಳಬಹುದು. ಒಂದು ಸಲ ಬರೆದುಕೊಂಡರೆ ಅರ್ಧ ಕೆಲಸ. ಬೆಳಿಗ್ಗೆ ಎಂಟು ಇದ್ದ ಅಂಕ ಔಷಧ ಕೊಟ್ಟು ಒಂದು ಗಂಟೆಯ ಬಳಿಕ ಎಷ್ಟಾಯಿತು? ಇಳಿಯದಿದ್ದರೆ ಏನು ಮಾಡಿದರು? ಈ ಎರಡನೆಯ ಅಂಕಕ್ಕೆ ಜಾಗವಿಲ್ಲದ ಹಾಳೆ, ಉತ್ತರ ಬರೆಯದೆ ಬಿಟ್ಟ ಪತ್ರಿಕೆಯಂತೆ. ಡೊನಬೇಡಿಯನ್ ಹೇಳಿದ ‘ಫಲ’ ಇರುವುದು ಇಲ್ಲಿಯೇ.

ಮೂಗು, ಕಣ್ಣು, ಕಿವಿ

ಕೆಲವು ಸಂಗತಿಗಳಿಗೆ ಯಾವ ಹಾಳೆಯೂ ಬೇಡ. ವಾರ್ಡಿನ ಬಾಗಿಲಲ್ಲಿ ಒಂದು ನಿಮಿಷ ನಿಂತರೆ ಸಾಕು.

ಮೊದಲು ಮೂಗು. ಒಡೆದ ಕ್ಯಾನ್ಸರ್ ಹುಣ್ಣುಗಳ ದುರ್ವಾಸನೆಯಿಂದ ರೋಗಿಗಳು ಕುಗ್ಗಿಹೋಗುತ್ತಾರೆ. ಮೊಮ್ಮಕ್ಕಳನ್ನೂ ಹತ್ತಿರ ಕರೆಯಲು ಹಿಂಜರಿಯುತ್ತಾರೆ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಈ ವಾಸನೆ ಹುಟ್ಟುತ್ತದೆ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ಅವು ನಾಶವಾಗಿ ವಾಸನೆ ತಗ್ಗುತ್ತದೆ. ಅಗ್ಗದ ಉಪಾಯ. ಊದುಬತ್ತಿ ಹಚ್ಚಿ ವಾಸನೆ ಮುಚ್ಚುವ ಜಾಗಕ್ಕೂ, ಹುಣ್ಣು ತೊಳೆದು ಔಷಧ ಹಾಕಿ ವಾಸನೆ ಕಳೆಯುವ ಜಾಗಕ್ಕೂ ವ್ಯತ್ಯಾಸ ಮೂಗಿಗೆ ಗೊತ್ತಾಗುತ್ತದೆ.

ಬಳಿಕ ಕಣ್ಣು. ರೋಗಿಗಳ ತುಟಿ ಒಣಗಿ ಬಿರಿದಿದೆಯೆ? ಬಾಯಿಯನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸುತ್ತಾರೆಯೆ? ಏಳಲಾರದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ? ಒಂದೇ ಕಡೆ ಒತ್ತಿದ ಚರ್ಮಕ್ಕೆ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ಆದ್ದರಿಂದ ಎರಡು ಗಂಟೆಗೊಮ್ಮೆ ತಿರುಗಿಸುವುದು ಹಳೆಯ ರೂಢಿ. ಉಬ್ಬಸದವರ ಮುಖಕ್ಕೆ ಪುಟ್ಟ ಫ್ಯಾನಿನ ಗಾಳಿ ಬೀಸುವಂತೆ ಇಟ್ಟಿದ್ದಾರೆಯೆ? ಮುಖಕ್ಕೆ ತಗಲುವ ತಂಗಾಳಿ ಉಸಿರುಗಟ್ಟುವ ಸಂಕಟವನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಗಳಿಂದ ಕಂಡುಬಂದ ಸಂಗತಿ.

ಕೊನೆಗೆ ಕಿವಿ. ‘ಆರನೇ ಬೆಡ್ಡು’ ಎನ್ನುತ್ತಾರೋ, ‘ಶಾಮಣ್ಣನವರೇ’ ಎಂದು ಕರೆಯುತ್ತಾರೋ? ರೋಗಿಗೆ ಬರುವ ಭಾಷೆಯಲ್ಲಿ ಮಾತಾಡುವವರು ಪಾಳಿಯಲ್ಲಿ ಒಬ್ಬರಾದರೂ ಇದ್ದಾರೆಯೆ? ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಯ ನೋವಿಗೆ ಇಂಗ್ಲಿಷಿನಲ್ಲಿ ಅಂಕ ಕೇಳಿದರೆ ಆಕೆ ಏನು ಹೇಳಿಯಾಳು?

ನಿಜವಾದ ಪರೀಕ್ಷೆ ರಾತ್ರಿ

ಇಷ್ಟೆಲ್ಲ ನೋಡುವುದು ಹಗಲಿನಲ್ಲಿ. ಆದರೆ ನೋವು, ಉಬ್ಬಸ, ದಿಗಿಲುಗಳು ಹೆಚ್ಚಾಗಿ ಕಾಡುವುದು ರಾತ್ರಿ, ಮನೆಯವರು ಒಬ್ಬಂಟಿಯಾಗಿರುವಾಗ.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿ ಬಹುತೇಕ ಹಾಸ್ಪೀಸ್ ಸೇವೆ ರೋಗಿಯ ಮನೆಯಲ್ಲೇ ನಡೆಯುತ್ತದೆ. ಹಿರಿಯರಿಗೆ ಸರ್ಕಾರದ ಮೆಡಿಕೇರ್ ವಿಮೆ ದಿನಕ್ಕೆ ಇಷ್ಟೆಂದು ಸಂಸ್ಥೆಗೆ ಹಣ ಕೊಡುತ್ತದೆ. ಸಾಮಾನ್ಯ ದಿನಗಳಲ್ಲಿ ದಾದಿ ಬಂದರೂ ಅಷ್ಟೇ ಹಣ, ಬಾರದಿದ್ದರೂ ಅಷ್ಟೇ ಹಣ. ಕೆಲವರು ಇದನ್ನು ವ್ಯಾಪಾರವನ್ನಾಗಿ ಮಾಡಿಕೊಂಡರು. 2012ರಿಂದ 2016ರವರೆಗೆ ತಪಾಸಣೆಗೊಳಗಾದ ಹಾಸ್ಪೀಸ್‌ಗಳ ಪೈಕಿ ಶೇಕಡಾ 80ಕ್ಕೂ ಹೆಚ್ಚಿನವುಗಳಲ್ಲಿ ಒಂದಲ್ಲ ಒಂದು ಲೋಪವಿತ್ತೆಂದು ಅಲ್ಲಿನ ಆರೋಗ್ಯ ಇಲಾಖೆಯ ಮಹಾ ತಪಾಸಣಾಧಿಕಾರಿಗಳ ಕಚೇರಿ 2019ರಲ್ಲಿ ವರದಿ ಮಾಡಿತು.

ಹಾಗಾಗಿ ಅಲ್ಲಿ ಎರಡು ಅಳತೆಗಳು ಬಂದಿವೆ. ಒಂದು, ಸಾವಿಗೆ ಮುಂಚಿನ ಮೂರು ದಿನಗಳಲ್ಲಿ ಕನಿಷ್ಠ ಎರಡು ದಿನವಾದರೂ ದಾದಿ ಅಥವಾ ಸಮಾಜ ಕಾರ್ಯಕರ್ತರು ರೋಗಿಯ ಬಳಿಗೆ ಬಂದಿದ್ದರೆ? ಇನ್ನೊಂದು, ಸಾವಾದ ಕೆಲವು ತಿಂಗಳ ಬಳಿಕ ಮನೆಯವರಿಗೇ ಪ್ರಶ್ನಾವಳಿ ಕಳಿಸುವುದು. ನೋವಿಗೆ ಬೇಕಾದಷ್ಟು ನೆರವು ಸಿಕ್ಕಿತೆ? ಸಂಜೆ, ವಾರದ ಕೊನೆ, ರಜಾದಿನಗಳಲ್ಲಿ ಕರೆದಾಗ ಸಹಾಯ ದೊರೆಯಿತೆ? ಬಂಧುಗಳು ಕೊಟ್ಟ ಉತ್ತರಗಳ ಸಾರವನ್ನು ಸರ್ಕಾರ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ.

ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಆದರೆ ಪ್ರಶ್ನೆಯನ್ನು ಯಾರು ಬೇಕಾದರೂ ಎರವಲು ಪಡೆಯಬಹುದು. ಸೇವೆ ಮನೆಯಲ್ಲಾದರೆ, ‘ರಾತ್ರಿ ಎರಡು ಗಂಟೆಗೆ ನೋವು ಜೋರಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಎತ್ತುವವರು ದಾದಿಯೋ, ಕಾವಲುಗಾರನೋ? ಆಗ ಕೊಡಬೇಕಾದ ಹೆಚ್ಚುವರಿ ಮಾತ್ರೆ ಮೊದಲೇ ಮನೆಯಲ್ಲಿ ಇಟ್ಟಿರುತ್ತೀರಾ?’ ಎಂದು ಕೇಳಬೇಕು. ಒಳರೋಗಿಯಾದರೆ, ರಾತ್ರಿ ಪಾಳಿಯಲ್ಲಿ ಎಷ್ಟು ದಾದಿಯರು ಇರುತ್ತಾರೆ, ಔಷಧದ ಬೀರುವಿನ ಬೀಗದ ಕೈ ಆಗ ಯಾರ ಬಳಿ ಇರುತ್ತದೆ ಎಂದು ವಿಚಾರಿಸಬೇಕು. ಬೀಗದ ಕೈ ವೈದ್ಯರ ಜೇಬಿನಲ್ಲಿ, ವೈದ್ಯರು ಮನೆಯಲ್ಲಿ ಎಂದಾದರೆ ಬೀರುವಿನಲ್ಲಿ ಮಾರ್ಫೀನ್ ಇದ್ದೂ ಇಲ್ಲದಂತೆ. ಅದೇ ಸಂಸ್ಥೆಯಲ್ಲಿ ತಮ್ಮವರನ್ನು ಕಳೆದುಕೊಂಡ ಒಂದು ಮನೆಯವರನ್ನು ಮಾತಾಡಿಸಿದರೆ ಇದರ ಸತ್ಯಾಂಶ ಹೊರಬೀಳುತ್ತದೆ.

ಮಾತು ಮತ್ತು ಹಣ

‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಡಾಕ್ಟರೇ’ ಎನ್ನುವ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಒಳ್ಳೆಯ ಸಂಸ್ಥೆ ಮಕ್ಕಳ ಮೇಲೆ ರೇಗುವುದಿಲ್ಲ, ರೋಗಿಗೆ ಸುಳ್ಳನ್ನೂ ಹೇಳುವುದಿಲ್ಲ. ಅವರಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕೆಂದಿದ್ದಾರೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯುತ್ತದೆ. ಎಷ್ಟೋ ವೇಳೆ ಅಪ್ಪನಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳು ನೊಂದುಕೊಂಡಾರೆಂದು ಅವರೂ ಸುಮ್ಮನಿರುತ್ತಾರೆ.

ವಾಸಿಯಾಗುವ ಆಸೆಯಿಲ್ಲದಾಗ ಕೃತಕ ಉಸಿರಾಟದ ಯಂತ್ರ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗಾಗಿ ಆದೇಶ ಹೊರಡಿಸಿದೆ. ಇಂಥ ಪತ್ರ ಇದ್ದರೆ ಅದನ್ನು ಹೇಗೆ ಪಾಲಿಸುತ್ತೀರಿ ಎಂದೂ ಕೇಳಿಕೊಳ್ಳುವುದು ಒಳಿತು.

ಹಣದ ವಿಷಯ ಸಂಕೋಚಪಡುವಂಥದ್ದಲ್ಲ. ದತ್ತಿಯಿಂದ ನಡೆಯುವ ಹಲವು ಹಾಸ್ಪೀಸ್‌ಗಳು ಕಾಸೂ ಪಡೆಯುವುದಿಲ್ಲ. ಹಣ ಪಡೆಯುವ ಕಡೆ ದಿನಕ್ಕೆ ಎಷ್ಟು, ಅದರಲ್ಲಿ ಔಷಧ ಸೇರಿದೆಯೆ ಎಂದು ಬರೆಸಿಕೊಳ್ಳಬೇಕು. ದಿನಕ್ಕೊಂದು ರಕ್ತ ಪರೀಕ್ಷೆ, ಬೇಡದ ಗ್ಲೂಕೋಸ್ ಬಾಟಲಿ ಕಂಡರೆ ಎಚ್ಚರ ವಹಿಸಬೇಕು. ‘ಇನ್ನೊಂದು ವಿಶೇಷ ಔಷಧವಿದೆ, ಪೂರ್ತಿ ವಾಸಿ ಮಾಡುತ್ತೇವೆ’ ಎಂದವರಿಂದ ದೂರ ಇರುವುದೇ ಲೇಸು.

ಹಾಗೆಂದು ಉಪಶಾಮಕ ಆರೈಕೆ ಸಾವನ್ನು ಬೇಗ ಕರೆತರುತ್ತದೆ ಎಂಬ ಭಯವೂ ಬೇಡ. ಅಮೆರಿಕದ ಬಾಸ್ಟನ್ನಿನಲ್ಲಿ ಉಲ್ಬಣಿಸಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಜತೆಗೆ ಆರಂಭದಿಂದಲೇ ಈ ಆರೈಕೆ ಪಡೆದವರು ನಡುಮಟ್ಟದ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು. ಪಡೆಯದವರು 8.9 ತಿಂಗಳು. ಕೊನೆಯ ವಾರಕ್ಕೆ ಕಾಯದೆ ಮುಂಚಿತವಾಗಿ ವಿಚಾರಿಸುವುದರಲ್ಲಿ ಲಾಭವಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಸಾಯುವವರನ್ನು ನೋಡಿಕೊಳ್ಳುವ ಸಂಸ್ಥೆಗೂ ಅದು ಒಪ್ಪುತ್ತದೆ. ತಿಥಿ ಕಳೆದು ನೆಂಟರೆಲ್ಲ ಹೊರಟುಹೋದ ಮೇಲೆ ದಾದಿಯೊಬ್ಬಳು ಫೋನ್ ಮಾಡಿ ‘ಊಟ ಮಾಡ್ತಿದ್ದೀರಾ ಅಣ್ಣಾ, ರಾತ್ರಿ ನಿದ್ದೆ ಬರ್ತಿದೆಯಾ?’ ಎಂದು ಕೇಳಿದರೆ, ಆ ಸಂಸ್ಥೆ ಕೆಲಸವನ್ನು ಪೂರ್ತಿ ಮಾಡಿತು ಎನ್ನಬೇಕು. ಸಾವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ‘ಅಮ್ಮ ನರಳದೆ ಹೋದಳು’ ಎಂದು ಮಗ ವರ್ಷಗಳ ಬಳಿಕವೂ ಹೇಳುವಂತಾಗುವುದು, ಬಹಳಷ್ಟು ಸಲ, ಅವನು ಸಕಾಲದಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳನ್ನು ಅವಲಂಬಿಸಿರುತ್ತದೆ.